ಬ್ರೇಕ್ ಒತ್ತಿದ್ರೆ ಮೀಟರ್ ಲೈಟ್ ಹತ್ತುತ್ತೆ, ಹಿಂದಿನ ವೈರಿಂಗ್ ಪೂರ್ತಿ ಬದಲಾಯಿಸ್ಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ತೀರ್ಥಹಳ್ಳಿ ಹತ್ತಿರ ಒಂದು ಹಳ್ಳಿ. 2008ರ ಮಾರುತಿ 800 ಇದೆ, ಅಪ್ಪ ತಗೊಂಡಿದ್ದು, ಮಾರೋಕೆ ಮನಸ್ಸಿಲ್ಲ. ಈ ಮಳೆಗಾಲ ಶುರುವಾದಾಗಿಂದ ಹಿಂದಿನ ಲೈಟ್ ಕಾಟ ಕೊಡ್ತಿದೆ. ಹಗಲು ಹೊತ್ತು ಲೈಟ್ ಎಲ್ಲಾ ಆಫ್ ಇರುವಾಗ ಬ್ರೇಕ್ ಒತ್ತಿದ್ರೆ ಡ್ಯಾಶ್‌ಬೋರ್ಡ್ ಮೀಟರ್ ಲೈಟ್ ಮಂಕಾಗಿ ಹತ್ತುತ್ತೆ. ರಾತ್ರಿ ಹೆಡ್‌ಲೈಟ್ ಹಾಕಿ ಬ್ರೇಕ್ ಒತ್ತಿದ್ರೆ ಎಡಗಡೆ ಲೈಟ್ ಜಾಸ್ತಿ ಆಗೋ ಬದಲು ಆರೇ ಹೋಗುತ್ತೆ. ಎಡಗಡೆ ಇಂಡಿಕೇಟರ್ ಹಾಕಿದ್ರೆ ಅದರ ಜೊತೆ ಟೇಲ್ ಲೈಟೂ ಮಿಟುಕುತ್ತೆ. ಹೋದ ತಿಂಗಳು ಅಮ್ಮನ ಚೆಕಪ್ಪಿಗೆ ಮಣಿಪಾಲಕ್ಕೆ ಹೋಗಿ ಬರುವಾಗ ಆಗುಂಬೆ ಘಾಟಿಯಲ್ಲಿ ಮಂಜು, ಹಿಂದೆ ಬರ್ತಿದ್ದ ಬಸ್ಸಿನವರು ತೀರಾ ಹತ್ತಿರ ಬಂದು ಬ್ರೇಕ್ ಹಾಕಿದ್ರು, ಮುಂದೆ ಬಂದು ಬೈದೂ ಹೋದ್ರು. ಒಬ್ಬ ಮೆಕ್ಯಾನಿಕ್ ಮೂರು ಸಲ ಬಲ್ಬ್ ಬದಲಾಯಿಸಿದ್ರು. ಫ್ಯೂಸ್ ಒಂದ್ಸಲ ಹೋಗಿತ್ತು, 10 ಇದ್ದಿದ್ದನ್ನ ತೆಗೆದು 20 ಹಾಕಿದ್ದಾರೆ. ಇನ್ನೊಬ್ಬರು ವೈರಿಂಗ್ ಹಳೇದಾಗಿದೆ, ಹಿಂದಿಂದು ಪೂರ್ತಿ ಕಿತ್ತು ಹೊಸದು ಎಳೀಬೇಕು, ಜೊತೆಗೆ ಎಲ್‌ಇಡಿ ಹಾಕೋಣ, ಒಟ್ಟು 6,500 ಅಂತಾರೆ. ನಮ್ಮ ಭಾವ ರಿಲೇ ಹಾಕಿದ್ರೆ ಸರಿಹೋಗುತ್ತೆ ಅಂತಾರೆ. ಹೋದ ವರ್ಷ ಎಡಗಡೆ ಹಿಂದಿನ ಮೂಲೆ ಗೋಡೆಗೆ ತಾಗಿ ಟಿಂಕರಿಂಗ್, ಪೇಂಟಿಂಗ್ ಮಾಡಿಸಿದ್ದೆ, ಅದು ಬಿಟ್ಟರೆ ಗಾಡಿಗೆ ಏನೂ ಆಗಿಲ್ಲ. ವೈರಿಂಗ್ ಬದಲಾಯಿಸಲೇಬೇಕಾ? ಬೆಂಕಿ ಹತ್ತೋ ಭಯ ಇದೆಯಾ? ನಾನೇ ಮಾಡ್ಕೋಬಹುದಾ? ಸ್ವಲ್ಪ ಕೈಕೆಲಸ ಗೊತ್ತು, ಮನೆ ಪಂಪ್‌ಸೆಟ್ ರಿಪೇರಿ ನಾನೇ ಮಾಡ್ತೀನಿ.

ಉತ್ತರ: ಸರ್, ಮೊದಲು ಒಂದು ಮಾತು, ಇಷ್ಟು ಚೆನ್ನಾಗಿ ಲಕ್ಷಣ ಬರೆದು ಕಳಿಸೋರು ಕಮ್ಮಿ. ನಮ್ಮ ಶಾಪಿಗೆ ಬರೋರು ಸಾಮಾನ್ಯವಾಗಿ "ಹಿಂದೆ ಲೈಟ್ ಪ್ರಾಬ್ಲಮ್" ಅಂತ ಕೀ ಕೊಟ್ಟು ಕಾಫಿಗೆ ಹೋಗ್ತಾರೆ. ನೀವು ಬರೆದಿದ್ದು ಓದ್ತಾ ಇದ್ದ ಹಾಗೇ ಕಾಯಿಲೆ ಏನು ಅಂತ ಹತ್ತಿರ ಹತ್ತಿರ ಗೊತ್ತಾಯ್ತು, ಅದರಲ್ಲೂ ನೀವು "ಅದು ಬಿಟ್ಟರೆ ಏನೂ ಆಗಿಲ್ಲ" ಅಂತ ಸುಮ್ನೆ ಸೇರಿಸಿದ ಆ ಟಿಂಕರಿಂಗ್ ಮಾತಿದೆಯಲ್ಲ, ಅಲ್ಲೇ ಉತ್ತರ ಇದೆ ಅನ್ಸುತ್ತೆ ನಂಗೆ. 22 ವರ್ಷದಿಂದ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡ್ತಿದ್ದೀನಿ, ಬ್ರೇಕ್ ಒತ್ತಿದ್ರೆ ಮೀಟರ್ ಲೈಟ್ ಹತ್ತುತ್ತೆ ಅಂದ್ರೆ ನಾನು ಪಾಸಿಟಿವ್ ವೈರ್ ಕಡೆ ನೋಡೋದೇ ಇಲ್ಲ, ಸೀದಾ ಅರ್ತ್ ಕಡೆ ಹೋಗ್ತೀನಿ.

ಯಾಕೆ ಅಂತ ಹೇಳ್ತೀನಿ, ಇದೊಂದು ಅರ್ಥ ಆದ್ರೆ ಮುಂದೆ ಯಾರೂ ನಿಮಗೆ ಟೋಪಿ ಹಾಕೋಕಾಗಲ್ಲ.

ಕಾರಲ್ಲಿ ಬ್ಯಾಟರಿ ಪಾಸಿಟಿವ್‌ನಿಂದ ವೈರ್ ಬರುತ್ತೆ, ವಾಪಸ್ ಹೋಗೋಕೆ ಬೇರೆ ಉದ್ದ ವೈರ್ ಇರಲ್ಲ, ಕಾರಿನ ಬಾಡಿ ತಗಡೇ ವಾಪಸ್ ದಾರಿ, ಇದಕ್ಕೇ ಅರ್ತ್ ಅನ್ನೋದು. ಲ್ಯಾಂಪ್ ಹತ್ರ ಒಂದು ಗೇಣುದ್ದ ಕಪ್ಪು ವೈರ್ ಬಾಡಿಗೆ ಸ್ಕ್ರೂ ಆಗಿರುತ್ತೆ, ಅಷ್ಟೇ. ಇನ್ನು ನಿಮ್ಮ ಹಿಂದಿನ ಕೆಂಪು ಬಲ್ಬ್ ಇದೆಯಲ್ಲ, ಅದು 21/5 ವಾಟಿನ ಡಬಲ್ ಕಾಂಟ್ಯಾಕ್ಟ್ ಬಲ್ಬ್, ಒಂದೇ ಗಾಜಿನೊಳಗೆ ಎರಡು ತಂತಿ, 5 ವಾಟಿಂದು ಟೇಲ್ ಲೈಟಿಗೆ, 21 ವಾಟಿಂದು ಬ್ರೇಕಿಗೆ. ಎರಡಕ್ಕೂ ಒಳಗೆ ಬರೋ ದಾರಿ ಬೇರೆ ಬೇರೆ, ಹೊರಗೆ ಹೋಗೋ ದಾರಿ ಮಾತ್ರ ಒಂದೇ, ಬಲ್ಬಿನ ಹಿತ್ತಾಳೆ ಬಾಡಿ, ಅಲ್ಲಿಂದ ಹೋಲ್ಡರ್, ಅಲ್ಲಿಂದ ಆ ಕಪ್ಪು ವೈರ್. ಪಕ್ಕದ ಇಂಡಿಕೇಟರ್ ಬಲ್ಬಿಗೂ ಸಾಮಾನ್ಯವಾಗಿ ಅದೇ ದಾರಿ.

ನಿಮ್ಮ ತೋಟದಲ್ಲಿ ಬಸಿಗಾಲುವೆ ಕಟ್ಕೊಂಡ್ರೆ ಏನಾಗುತ್ತೆ? ನೀರು ನಿಂತಲ್ಲೇ ನಿಲ್ಲಲ್ಲ, ಪಕ್ಕದ ಸಾಲಿಗೆ ನುಗ್ಗುತ್ತೆ. ಇಲ್ಲೂ ಅದೇ. ನೀವು ಬ್ರೇಕ್ ಒತ್ತಿದಾಗ 21 ವಾಟಿನ ತಂತಿ ಮೂಲಕ ಕರೆಂಟ್ ಒಳಗೆ ಬಂತು, ಹೊರಗೆ ಹೋಗೋ ದಾರಿ ಕಟ್ಟಿದೆ, ಹಾಗಾಗಿ ಅದು ಪಕ್ಕದ 5 ವಾಟಿನ ತಂತಿಯಲ್ಲಿ ಉಲ್ಟಾ ಹತ್ತಿ ಟೇಲ್ ಲೈಟ್ ಲೈನಿಗೆ ಸೇರ್ಕೊಳ್ಳುತ್ತೆ. ಆ ಲೈನಲ್ಲೇ ಬಲಗಡೆ ಟೇಲ್ ಲೈಟ್, ನಂಬರ್ ಪ್ಲೇಟ್ ಲೈಟ್, ಡ್ಯಾಶ್‌ಬೋರ್ಡ್ ಮೀಟರ್ ಲೈಟ್ ಎಲ್ಲಾ ಇದೆ, ಅವಕ್ಕೆ ಅರ್ತ್ ಚೆನ್ನಾಗಿದೆ, ಅವುಗಳ ಮೂಲಕ ಕರೆಂಟ್ ಹೊರಗೆ ಹೋಗುತ್ತೆ. ಅದಕ್ಕೇ ಮೀಟರ್ ಲೈಟ್ ಮಂಕಾಗಿ ಹತ್ತೋದು. ರಾತ್ರಿ ಹೆಡ್‌ಲೈಟ್ ಹಾಕಿದಾಗ ಟೇಲ್ ಲೈನಲ್ಲಿ ಆಗಲೇ 12 ವೋಲ್ಟ್ ಇದೆ, ಬ್ರೇಕ್ ಒತ್ತಿದ್ರೆ ಆ ಕಡೆಯಿಂದಲೂ 12 ವೋಲ್ಟ್ ಬಂತು, ಎರಡೂ ಕಡೆ ಒಂದೇ ಮಟ್ಟ ಆದ್ಮೇಲೆ ಹರಿಯೋದೆಲ್ಲಿಂದ ಬಂತು, ಎಡಗಡೆ ಲೈಟ್ ಆರಿಹೋಗುತ್ತೆ. ಇಂಡಿಕೇಟರ್ ಜೊತೆ ಟೇಲ್ ಲೈಟ್ ಮಿಟುಕೋದೂ ಇದೇ ಆಟ. ನೀವು ಬರೆದ ಮೂರು ಲಕ್ಷಣಕ್ಕೂ ಒಂದೇ ಕಾರಣ ಸಾಕು, ಮೂರು ಬೇರೆ ಬೇರೆ ವೈರ್ ಒಟ್ಟಿಗೆ ಹಾಳಾಗಬೇಕಾಗಿಲ್ಲ.

ಟಿಂಕರಿಂಗ್ ಹೇಗೆ ಬಂತು ಇದರಲ್ಲಿ ಅಂತೀರಾ. ಮೂಲೆ ತಟ್ಟಿ ಸರಿ ಮಾಡುವಾಗ ಲ್ಯಾಂಪ್ ಬಿಚ್ತಾರೆ, ಅರ್ತ್ ಸ್ಕ್ರೂ ಬಿಚ್ತಾರೆ, ಪುಟ್ಟಿ ಹಾಕಿ ಪೇಂಟ್ ಹೊಡೀತಾರೆ, ಆಮೇಲೆ ಅದೇ ಹೊಸ ಪೇಂಟ್ ಮೇಲೆ ಸ್ಕ್ರೂ ಬಿಗೀತಾರೆ. ಪೇಂಟ್ ಕರೆಂಟ್ ಬಿಡಲ್ಲ. ಸ್ಕ್ರೂವಿನ ಎಳೆ ಎಲ್ಲೋ ತಗಡಿಗೆ ತಾಗಿರುತ್ತೆ, ಅಷ್ಟರಲ್ಲೇ ಒಂದು ವರ್ಷ ನಡೆಯುತ್ತೆ, ಮೊದಲ ಮಳೆಗೆ ಆ ಎಳೆಗೆ ತುಕ್ಕು ಹಿಡಿಯುತ್ತೆ, ಕಥೆ ಶುರು. ನಿಮ್ಮ ಕಡೆ ಮಳೆ ಬೇರೆ ಕೇಳಬೇಕಾ.

ನಾಲ್ಕೈದು ವರ್ಷದ ಹಿಂದೆ ನಮ್ಮ ಶಾಪಿಗೆ ಒಂದು ಓಮ್ನಿ ಬಂದಿತ್ತು, ಇದೇ ತೊಂದರೆ, ಅದಕ್ಕೂ ಮುಂಚೆ ಮೂರು ಕಡೆ ತೋರಿಸಿದ್ರಂತೆ. ಹಿಂದಿನ ಟ್ರಿಮ್ ತೆಗೆದ್ರೆ ಒಳಗೆ ಕೆಂಪು, ಹಳದಿ, ಮನೆ ವೈರಿಂಗಿನ ಹಸಿರು, ಅಂತೂ ಮಾರಮ್ಮನ ಜಾತ್ರೆ. ಒಬ್ಬೊಬ್ಬರು ಒಂದೊಂದು ಪಾಸಿಟಿವ್ ವೈರ್ ಮುಂದಿನಿಂದ ಎಳ್ಕೊಂಡು ಬಂದಿದ್ರು. ಎಲ್ಲಾ ಬಿಡಿಸಿ ಒಂದು ಹಿಡಿ ವೈರ್ ತೆಗೆದು ಹೊರಗೆ ಹಾಕಿ ಕೊನೆಗೆ ನಾನು ಮಾಡಿದ್ದು ಏನು ಅಂದ್ರೆ ಒಂದು ಸ್ಕ್ರೂ ಬಿಚ್ಚಿ ಕೆಳಗಿನ ಪೇಂಟ್ ಕೆರೆದು ವಾಪಸ್ ಬಿಗಿದೆ. ಗಿರಾಕಿ ನನ್ನ ಮುಖಾನೇ ನೋಡ್ತಿದ್ರು, ಇಷ್ಟಕ್ಕೆ ದುಡ್ಡು ಕೇಳ್ತಾನಾ ಅಂತ.

ಹಾಗಂತ ನಾನು ಇಲ್ಲಿ ಕೂತು ಅರ್ತೇ ಅಂತ ನೂರಕ್ಕೆ ನೂರು ಹೇಳೋಕಾಗಲ್ಲ, ಯಾಕಂದ್ರೆ ಇದೇ ಲಕ್ಷಣ ಕೊಡೋ ಇನ್ನೊಂದು ಕಳ್ಳ ಇದ್ದಾನೆ, ಬಲ್ಬು. ಮೂರು ಸಲ ಬದಲಾಯಿಸಿದ್ದಾರೆ ಅಂದ್ರಲ್ಲ, ಯಾವ ಬಲ್ಬ್ ಹಾಕಿದ್ದಾರೆ ಅಂತ ಬಿಚ್ಚಿ ನೋಡಿ. ಬಲ್ಬಿನ ಬುಡದಲ್ಲಿ ಸೀಸದ ಚುಕ್ಕೆ ಎರಡಿರಬೇಕು, ಪಕ್ಕದಲ್ಲಿರೋ ಎರಡು ಪಿನ್ ಒಂದು ಮೇಲೆ ಒಂದು ಕೆಳಗೆ ಇರಬೇಕು. ಹಾಗೆ ಮೇಲೆ ಕೆಳಗೆ ಇಟ್ಟಿರೋದೇ ಉಲ್ಟಾ ಹಾಕಬಾರದು ಅಂತ. ಕೆಲವರು ಸಿಂಗಲ್ ಕಾಂಟ್ಯಾಕ್ಟ್ ಬಲ್ಬನ್ನೇ ಒತ್ತಿ ತಿರುಗಿಸಿ ಕೂರಿಸಿಬಿಡ್ತಾರೆ, ಅದರ ಬುಡದ ಒಂದೇ ದೊಡ್ಡ ಚುಕ್ಕೆ ಹೋಲ್ಡರಿನ ಎರಡೂ ಕಾಂಟ್ಯಾಕ್ಟಿಗೆ ತಾಗಿ ಬ್ರೇಕ್ ಲೈನೂ ಟೇಲ್ ಲೈನೂ ಒಂದಾಗುತ್ತೆ, ಬ್ರೇಕ್ ಒತ್ತಿದ್ರೆ ಮೀಟರ್ ಲೈಟ್ ಆಗಲೂ ಹತ್ತುತ್ತೆ. ವ್ಯತ್ಯಾಸ ಏನಂದ್ರೆ ಆಗ ಮಂಕಾಗಿ ಅಲ್ಲ, ಚೆನ್ನಾಗೇ ಹತ್ತುತ್ತೆ, ಎಡಗಡೆ ಲೈಟ್ ಆರೋದೂ ಇಲ್ಲ. ಕೆಲವು ಸಲ ಒಳ್ಳೇ ಬಲ್ಬಲ್ಲೂ ಒಂದು ತಂತಿ ಕಡಿದು ಇನ್ನೊಂದರ ಮೇಲೆ ಬಿದ್ದು ಅಂಟಿಕೊಂಡಿರುತ್ತೆ, ಬೆಳಕಿಗೆ ಹಿಡಿದು ನೋಡಿದ್ರೆ ಕಾಣುತ್ತೆ. ಈ ಎರಡನ್ನೂ ನೋಡಿ ಸರಿ ಇದೆ ಅಂತಾದ್ಮೇಲೆ ಮುಂದಕ್ಕೆ ಹೋಗಿ.

ಈಗ ಪರೀಕ್ಷೆ. ಪಂಪ್‌ಸೆಟ್ ಬಿಚ್ಚೋರಿಗೆ ಇದು ಏನೂ ಅಲ್ಲ. ಒಂದು ಮೂರು ಮೀಟರ್ ವೈರ್ ತಗೊಳ್ಳಿ, ನಡುವೆ ಒಂದು 10 ಆಂಪಿಯರ್ ಫ್ಯೂಸ್ ಹೋಲ್ಡರ್ ಸೇರಿಸ್ಕೊಳ್ಳಿ, ಕೈ ತಪ್ಪಿ ಪಾಸಿಟಿವ್‌ಗೆ ತಾಗಿದ್ರೆ ಫ್ಯೂಸ್ ಹೋಗುತ್ತೆ, ನಿಮ್ಮ ಕೈ ಸುಡಲ್ಲ. ಒಂದು ತುದಿ ಬಾಡಿಯಲ್ಲಿ ಪೇಂಟ್ ಇಲ್ಲದ ಗಟ್ಟಿ ಬೋಲ್ಟಿಗೆ ಕಚ್ಚಿಸಿ. ಇನ್ನೊಂದು ತುದಿನ ಎಡಗಡೆ ಹೋಲ್ಡರಿನ ಕಪ್ಪು ವೈರ್ ಬರೋ ಪಿನ್ನಿಗೆ ಹಿಡೀರಿ. ಮಾರುತಿಯಲ್ಲಿ ಅರ್ತ್ ಸಾಮಾನ್ಯವಾಗಿ ಕಪ್ಪು, ಫೋಕ್ಸ್‌ವ್ಯಾಗನ್ ತರದ ಜರ್ಮನ್ ಗಾಡಿಯಲ್ಲಿ ಬ್ರೌನ್, ಆದ್ರೆ ಮಧ್ಯ ಯಾರಾದ್ರೂ ಕೈ ಹಾಕಿದ್ರೆ ಬಣ್ಣ ನಂಬೋ ಹಾಗಿಲ್ಲ, ಅದಕ್ಕೇ ಫ್ಯೂಸ್ ಅಂದಿದ್ದು. ಯಾರನ್ನಾದ್ರೂ ಕೂರಿಸಿ ಹೆಡ್‌ಲೈಟ್ ಹಾಕಿ ಬ್ರೇಕ್ ಒತ್ತಿಸಿ. ವೈರ್ ತಾಗಿಸಿದ ತಕ್ಷಣ ಎಡಗಡೆ ಲೈಟ್ ಭಗ್ ಅಂತ ಹತ್ತಿ, ತೆಗೆದ ತಕ್ಷಣ ಆರಿದ್ರೆ ಮುಗೀತು, 6,500 ಉಳೀತು.

ಮಲ್ಟಿಮೀಟರ್ ಇದ್ರೆ ಇನ್ನೂ ಒಳ್ಳೇದು, ಆದ್ರೆ ಬೀಪ್ ಮಾಡೋ ಕಂಟಿನ್ಯೂಟಿ ಟೆಸ್ಟ್ ಮಾತ್ರ ಮಾಡ್ಬೇಡಿ. ಇದರಲ್ಲಿ ಎಷ್ಟೋ ಮೆಕ್ಯಾನಿಕ್‌ಗಳೇ ಬೀಳ್ತಾರೆ. ಮೀಟರ್ ಬೀಪ್ ಮಾಡೋಕೆ ಕಳಿಸೋ ಕರೆಂಟ್ ತೀರಾ ಸಣ್ಣದು, ಹತ್ತು ಎಳೆಯಲ್ಲಿ ಒಂಬತ್ತು ಕಡಿದು ಒಂದು ಉಳಿದಿದ್ರೂ ಬೀಪ್ ಬರುತ್ತೆ, ತುಕ್ಕು ಹಿಡಿದ ಸ್ಕ್ರೂಗೂ ಬರುತ್ತೆ. "ಅರ್ತ್ ನೋಡಿದೆ ಸರ್, ಸರಿ ಇದೆ" ಅಂತ ಹೇಳಿ ವೈರಿಂಗ್ ಕೀಳೋಕೆ ಶುರು ಮಾಡೋದು ಹೀಗೇ. ಹೊರೆ ಇರುವಾಗ, ಅಂದ್ರೆ ಲೈಟ್ ಹಾಕಿರುವಾಗ, ಅಳೀಬೇಕು. ಮೀಟರನ್ನ ಡಿಸಿ 20 ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ (ಉದ್ದ ಸಾಲ್ದೇ ಇದ್ರೆ ವೈರ್ ಸೇರಿಸಿ), ಕೆಂಪು ಕಡ್ಡಿ ಹೋಲ್ಡರಿನ ಅರ್ತಿಗೆ, ಲೈಟ್, ಬ್ರೇಕ್ ಎರಡೂ ಆನ್. 0.2 ವೋಲ್ಟ್ ಒಳಗೆ ತೋರಿಸಿದ್ರೆ ಅರ್ತ್ ಚೆನ್ನಾಗಿದೆ. ಅರ್ಧ, ಒಂದು, ಎರಡು ಅಂತ ತೋರಿಸಿದ್ರೆ ಅಷ್ಟು ವೋಲ್ಟ್ ಆ ಜಾಯಿಂಟ್ ತಿಂತಾ ಇದೆ ಅಂತ.

ಒಂದು ಸಣ್ಣ ಲೆಕ್ಕ ಹೇಳ್ತೀನಿ ನೋಡಿ. ಒಂದು ಕಡೆಯ ಬ್ರೇಕ್ 21, ಟೇಲ್ 5, ಇಂಡಿಕೇಟರ್ 21, ಒಟ್ಟು 47 ವಾಟ್, ಅಂದ್ರೆ ಸುಮಾರು 4 ಆಂಪಿಯರ್. ಆ ಸ್ಕ್ರೂ ಜಾಗದಲ್ಲಿ ಬರೀ ಒಂದು ಓಮ್ ತಡೆ ಇದ್ರೂ 12ರಲ್ಲಿ ಹತ್ತಿರ ಹತ್ತಿರ 3 ವೋಲ್ಟ್ ಅಲ್ಲೇ ಹೋಯ್ತು. ಫಿಲಮೆಂಟ್ ಬಲ್ಬಲ್ಲಿ ವೋಲ್ಟೇಜ್ ಕಾಲು ಭಾಗ ಕಮ್ಮಿ ಆದ್ರೆ ಬೆಳಕು ಕಾಲು ಭಾಗ ಅಲ್ಲ, ಅರ್ಧಕ್ಕಿಂತ ಜಾಸ್ತಿ ಬಿದ್ದುಹೋಗುತ್ತೆ. ಮಂಜಲ್ಲಿ ಬಸ್ಸಿನವರಿಗೆ ನೀವು ಕಾಣಲಿಲ್ಲ ಅಂದ್ರೆ ಆಶ್ಚರ್ಯ ಇಲ್ಲ, ಬೈದ್ರು ಅಂತ ಬೇಜಾರು ಮಾಡ್ಕೋಬೇಡಿ. ಕೇಂದ್ರ ಮೋಟಾರು ವಾಹನ ನಿಯಮ 1989ರಲ್ಲಿ ಹಿಂದಿನ ಕೆಂಪು ಲೈಟ್ 155 ಮೀಟರ್ ದೂರಕ್ಕೆ ಕಾಣಬೇಕು ಅಂತಿದೆ. ರಾತ್ರಿ ಮನೆ ಮುಂದಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಒಂದು ಇನ್ನೂರು ಹೆಜ್ಜೆ ಹಿಂದೆ ನಡೆದು ತಿರುಗಿ ನೋಡಿ, ಎಡಗಡೆಗೂ ಬಲಗಡೆಗೂ ವ್ಯತ್ಯಾಸ ನಿಮಗೇ ಕಾಣುತ್ತೆ.

ಅರ್ತ್ ರಿಪೇರಿ ಮಾಡೋದು ಹೇಗೆ: ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿ ಪಕ್ಕಕ್ಕಿಡಿ. ಡಿಕ್ಕಿ ಒಳಗಿಂದ ಎಡಗಡೆ ಲ್ಯಾಂಪಿನ ಕಪ್ಪು ವೈರ್ ಹಿಡ್ಕೊಂಡು ಹೋಗಿ, ಅದು ಬಾಡಿಗೆ ಸೇರೋ ಸ್ಕ್ರೂ ಸಿಗುತ್ತೆ. ಬಿಚ್ಚಿ, ಸ್ಕ್ರೂ ಕೂರೋ ಜಾಗನ ಉಪ್ಪು ಕಾಗದದಲ್ಲಿ ಬೆಳ್ಳಿ ಬಣ್ಣದ ತಗಡು ಕಾಣೋ ತನಕ ಉಜ್ಜಿ. ವೈರ್ ತುದಿಯ ಥಿಂಬಲ್ (ಸ್ಕ್ರೂ ತೂರಿಸೋ ಲೋಹದ ಬಳೆ) ಹಸಿರಾಗಿದ್ರೆ ಕತ್ತರಿಸಿ ಹೊಸದು ಹಾಕಿ, ಕತ್ತರಿಸಿದಾಗ ಒಳಗಿನ ತಾಮ್ರನೂ ನೋಡಿ, ಕಪ್ಪಾಗಿದ್ರೆ ಇನ್ನೊಂದಿಷ್ಟು ಹಿಂದಕ್ಕೆ ಕತ್ತರಿಸ್ತಾ ಹೋಗಿ, ಕಿಲುಬು ಇನ್ಸುಲೇಶನ್ ಒಳಗೇ ಅರ್ಧ ಅಡಿ ತನಕ ಹೋಗಿರುತ್ತೆ ಕೆಲವು ಸಲ. ಹಲ್ಲು ಇರೋ ಸ್ಟಾರ್ ವಾಷರ್ ಹಾಕಿ ಬಿಗೀರಿ. ಬಿಗಿದ ಮೇಲೆ ವ್ಯಾಸಲಿನ್ ಅಥವಾ ಗ್ರೀಸ್ ಮೇಲಿಂದ ಸವರಿ, ನೀರು ಇಳೀದ ಹಾಗೆ. ಆಮೇಲೆ ಹೋಲ್ಡರ್. ಬಲ್ಬ್ ಕೂರೋ ಒಳಗೋಡೆ ತುಕ್ಕಾಗಿದ್ರೆ ಅದೂ ಅರ್ತ್ ಕೆಟ್ಟ ಹಾಗೇನೆ, ಉಜ್ಜಿ, ಇಲ್ಲಾ ಹೋಲ್ಡರೇ ಬದಲಾಯಿಸಿ, ದೊಡ್ಡ ದುಡ್ಡೇನಲ್ಲ. ಲ್ಯಾಂಪ್ ಸುತ್ತ ಇರೋ ರಬ್ಬರ್ ಗ್ಯಾಸ್ಕೆಟ್ ಟಿಂಕರಿಂಗ್ ಟೈಮಲ್ಲಿ ಸರಿಯಾಗಿ ಕೂತಿದೆಯಾ ನೋಡಿ, ಲೆನ್ಸ್ ಒಳಗೆ ನೀರಿನ ಹನಿ ಕಾಣ್ತಿದ್ರೆ ಅದು ಕೂತಿಲ್ಲ, ಎಷ್ಟು ಅರ್ತ್ ಮಾಡಿದ್ರೂ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ರಾಮಾಯಣ.

ಬೆಂಕಿ ವಿಷಯ ಕೇಳಿದ್ರಿ. ಕೆಟ್ಟ ಅರ್ತಿಂದ ಬೆಂಕಿಯ ಭಯ ಕಮ್ಮಿ, ಹೆಚ್ಚಂದ್ರೆ ಹೋಲ್ಡರ್ ಬಿಸಿಯಾಗಿ ಪ್ಲಾಸ್ಟಿಕ್ ಮೆತ್ತಗಾಗುತ್ತೆ. ನಿಮ್ಮ ಪತ್ರದಲ್ಲಿ ನಂಗೆ ಹೆದರಿಕೆ ಆಗಿದ್ದು ಬೇರೆ ಕಡೆ, ಆ 20 ಆಂಪಿಯರ್ ಫ್ಯೂಸ್. ಸರ್, ಫ್ಯೂಸ್ ಇರೋದು ಬಲ್ಬ್ ಕಾಪಾಡೋಕೆ ಅಲ್ಲ, ವೈರ್ ಕಾಪಾಡೋಕೆ. ಟೇಲ್ ಲೈಟಿಗೆ ಹೋಗೋ ವೈರ್ ಸಣ್ಣದು, 10 ಆಂಪಿಯರಿಗೆ ಲೆಕ್ಕ ಹಾಕಿ ಕಂಪನಿಯವರು ಕೊಟ್ಟಿರೋದು. ಎಲ್ಲೋ ತಗಡಿನ ಅಂಚಿಗೆ ಉಜ್ಜಿ ಅರೆಬರೆ ಶಾರ್ಟ್ ಆಗಿ 15 ಆಂಪಿಯರ್ ಹರಿದ್ರೆ 10ರ ಫ್ಯೂಸ್ ಹೋಗ್ತಿತ್ತು, 20ರದ್ದು ಸುಮ್ನೆ ಕೂತಿರುತ್ತೆ, ವೈರ್ ಬಿಸಿಯಾಗ್ತಾ ಆಗ್ತಾ ಪಕ್ಕದ ವೈರ್‌ಗಳ ಮೇಲೂ ಕರಗುತ್ತೆ, ಅದೂ ಕಾರ್ಪೆಟ್ ಕೆಳಗೆ, ಪೆಟ್ರೋಲ್ ಟ್ಯಾಂಕ್ ಇರೋ ಗಾಡಿಯ ಹಿಂಭಾಗದಲ್ಲಿ. ಇವತ್ತೇ ತೆಗೆದು ಫ್ಯೂಸ್ ಬಾಕ್ಸ್ ಮುಚ್ಚಳದ ಮೇಲೆ ಬರೆದಿರೋ ಆಂಪಿಯರಿಂದೇ ಹಾಕಿ. ಮತ್ತೆ ಹೋಯ್ತು ಅಂದ್ರೆ ಅದು ನಿಮಗೆ ಏನೋ ಹೇಳ್ತಾ ಇದೆ, ಎಲ್ಲೋ ಶಾರ್ಟ್ ಇದೆ, ಹುಡುಕಬೇಕು. ಆ ಟಿಂಕರಿಂಗ್ ಮಾಡಿದ ಮೂಲೆಯಿಂದಲೇ ಹುಡುಕೋಕೆ ಶುರು ಮಾಡಿ, ವೆಲ್ಡಿಂಗ್ ಏನಾದ್ರೂ ಮಾಡಿದ್ರೆ ವೈರ್ ಸುಟ್ಟಿರಬಹುದು, ಇಲ್ಲಾ ಲ್ಯಾಂಪ್ ವಾಪಸ್ ಹಾಕುವಾಗ ತಗಡಿಗೂ ಲ್ಯಾಂಪಿಗೂ ನಡುವೆ ವೈರ್ ಸಿಕ್ಕಿ ಜಜ್ಜಿರಬಹುದು.

ಭಾವನವರ ರಿಲೇ ಬಗ್ಗೆ. ರಿಲೇ ಅಂದ್ರೆ ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನ ಆನ್ ಆಫ್ ಮಾಡೋ ಸ್ವಿಚ್. ಅವರು ಹೇಳಿದ್ದು ಹೆಡ್‌ಲೈಟಿಗೆ ಸರಿ, ಹಳೇ ಗಾಡಿಯಲ್ಲಿ ಹೆಡ್‌ಲೈಟ್ ಕರೆಂಟ್ ಪೂರ್ತಿ ಸ್ವಿಚ್ ಮೂಲಕ ಹೋಗಿ ಸ್ವಿಚ್ ಸುಡುತ್ತೆ, ಅಲ್ಲಿ ರಿಲೇ ಹಾಕಿದ್ರೆ ಬೆಳಕೂ ಜಾಸ್ತಿ, ಸ್ವಿಚ್ಚೂ ಉಳಿಯುತ್ತೆ. ಹಿಂದಿನ ಎರಡು ಬ್ರೇಕ್ ಬಲ್ಬ್ ಸೇರಿ ಮೂರೂವರೆ ಆಂಪಿಯರ್, ಟೇಲ್ ಲೈಟ್ ಅಂತೂ ಒಂದೂ ಇಲ್ಲ, ಇದಕ್ಕೆ ರಿಲೇ ಬೇಕಾಗಿಲ್ಲ. ಅದೂ ಅಲ್ದೆ ಅರ್ತ್ ಕಟ್ಟಿರೋವಾಗ ಪಾಸಿಟಿವ್ ಕಡೆ ಎಷ್ಟು ಜೋರು ಮಾಡಿದ್ರೂ ಬಸಿಗಾಲುವೆ ಕಟ್ಟಿರೋ ತೋಟಕ್ಕೆ ಇನ್ನೊಂದು ಮೋಟಾರ್ ಹಾಕಿದ ಹಾಗೆ.

ಎಲ್‌ಇಡಿ ವಿಷಯ ಸ್ವಲ್ಪ ಉದ್ದ ಇದೆ, ಯಾಕಂದ್ರೆ ಇದರಲ್ಲಿ ಅರ್ಧ ಸತ್ಯ ಇದೆ. ಕರೆಂಟ್ ಕಮ್ಮಿ ತಗೊಳುತ್ತೆ ನಿಜ, ತಕ್ಷಣ ಹತ್ತುತ್ತೆ ನಿಜ. ಆದ್ರೆ ನಿಮ್ಮ ಲ್ಯಾಂಪಿನ ರಿಫ್ಲೆಕ್ಟರ್ ಡಿಸೈನ್ ಆಗಿರೋದು ಸುತ್ತ ಬೆಳಕು ಚೆಲ್ಲೋ ಫಿಲಮೆಂಟಿಗೆ, ರಸ್ತೆ ಬದಿ ಸಿಗೋ ಎಲ್‌ಇಡಿ ಬಲ್ಬ್ ಬೆಳಕು ಒಂದೇ ಕಡೆ ಚುಚ್ಚುತ್ತೆ, ನಡುವೆ ಚುಕ್ಕೆ ತರ ಕಾಣುತ್ತೆ, ಅಂಚೆಲ್ಲ ಕತ್ತಲು. ಅದಕ್ಕಿಂತ ದೊಡ್ಡ ತೊಂದರೆ ಟೇಲಿಗೂ ಬ್ರೇಕಿಗೂ ವ್ಯತ್ಯಾಸ. ಬಲ್ಬಲ್ಲಿ 5 ವಾಟಿಂದ 21 ವಾಟಿಗೆ ಹಾರುತ್ತೆ, ಹಿಂದಿನವನ ಕಣ್ಣಿಗೆ ಹೊಡೆಯುತ್ತೆ, ಅಗ್ಗದ ಎಲ್‌ಇಡಿಯಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ತರ, ನೀವು ಬ್ರೇಕ್ ಹಾಕಿದ್ದು ಗೊತ್ತೇ ಆಗಲ್ಲ. ಬಿಳಿ ಎಲ್‌ಇಡಿ ಹಾಕಿದ್ರೆ ಕೆಂಪು ಲೆನ್ಸ್ ಹಿಂದೆ ಗುಲಾಬಿ ಬಣ್ಣ ಆಗುತ್ತೆ, ಹಾಕಲೇಬೇಕು ಅಂದ್ರೆ ಕೆಂಪು ಎಲ್‌ಇಡಿನೇ ತಗೊಳ್ಳಿ. ಇಂಡಿಕೇಟರಿಗೆ ಹಾಕಿದ್ರೆ ಹೊರೆ ಕಮ್ಮಿ ಆಗಿ ಬಲ್ಬ್ ಹೋಗಿದೆ ಅಂದ್ಕೊಂಡು ಫ್ಲಾಶರ್ (ಇಂಡಿಕೇಟರ್ ಮಿಟುಕಿಸೋ ಡಬ್ಬಿ) ಟಕಟಕ ಅಂತ ಡಬಲ್ ಸ್ಪೀಡಲ್ಲಿ ಹೊಡ್ಕೊಳ್ಳುತ್ತೆ, ಅದಕ್ಕೆ ರೆಸಿಸ್ಟರ್ ಹಾಕ್ತಾರೆ, 6 ಓಮಿನ ಆ ಚಿನ್ನದ ಬಣ್ಣದ ರೆಸಿಸ್ಟರ್ 24 ವಾಟಿಗೂ ಮೇಲೆ ಶಾಖ ಬಿಡುತ್ತೆ, ಹಜಾರ್ಡ್ (ಎರಡೂ ಕಡೆ ಇಂಡಿಕೇಟರ್ ಒಟ್ಟಿಗೆ) ಹಾಕಿ ಹತ್ತು ನಿಮಿಷ ಬಿಟ್ರೆ ಮುಟ್ಟೋಕಾಗಲ್ಲ. ಅದನ್ನ ಡಬಲ್ ಸೈಡ್ ಟೇಪಲ್ಲಿ ಪ್ಲಾಸ್ಟಿಕ್ಕಿಗೆ ಅಂಟಿಸಿರೋದನ್ನ ನಾನೇ ಎಷ್ಟು ಬಿಚ್ಚಿದ್ದೀನೋ. ಅಂಟಿಸಿದ್ದ ಜಾಗದಲ್ಲಿ ಪ್ಲಾಸ್ಟಿಕ್ ಹಪ್ಪಳದ ತರ ಉಬ್ಬಿರುತ್ತೆ.

ಇನ್ನೊಂದು ಕಿತಾಪತಿ ಇದೆ. ಎಲ್‌ಇಡಿ ಕರೆಂಟ್ ಕಮ್ಮಿ ತಗೊಳ್ಳೋದ್ರಿಂದ ಕೆಟ್ಟ ಅರ್ತಲ್ಲೂ ಸ್ವಲ್ಪ ದಿನ ಚೆನ್ನಾಗೇ ಉರಿಯುತ್ತೆ. ವೈರಿಂಗ್ ಮಾಡ್ದೆ, ಎಲ್‌ಇಡಿ ಹಾಕ್ದೆ, ಸರಿಹೋಯ್ತು ನೋಡಿ ಅಂತ ತೋರಿಸ್ತಾರೆ, ನೀವೂ ಖುಷಿಯಾಗಿ ಹೋಗ್ತೀರಾ, ತುಕ್ಕು ಮಾತ್ರ ಅಲ್ಲೇ ಬೆಳೀತಾ ಇರುತ್ತೆ.

ಹಾಗಾದ್ರೆ ವೈರಿಂಗ್ ಯಾವತ್ತೂ ಬದಲಾಯಿಸಬಾರದಾ ಅಂದ್ರೆ ಹಾಗಲ್ಲ. ಇಲಿ ಕಡಿದು ನಾಲ್ಕೈದು ಕಡೆ ತಾಮ್ರ ಕಂಡ್ರೆ, ಶಾರ್ಟ್ ಆಗಿ ಇನ್ಸುಲೇಶನ್ ಕರಗಿ ವೈರ್‌ಗಳು ಒಂದಕ್ಕೊಂದು ಅಂಟಿದ್ರೆ, ಬೆರಳಲ್ಲಿ ಬಗ್ಗಿಸಿದ್ರೆ ಇನ್ಸುಲೇಶನ್ ಚಕ್ಕೆ ಚಕ್ಕೆಯಾಗಿ ಉದುರಿದ್ರೆ, ಇಲ್ಲಾ ಮೇಲೆ ಹೇಳಿದ ಓಮ್ನಿ ತರ ಟೇಪ್ ಸುತ್ತಿದ ಜಾಯಿಂಟೇ ಹತ್ತು ಇದ್ರೆ, ಬದಲಾಯಿಸಿ. ನಿಮ್ಮ ಊರಲ್ಲಿ ಅಡಿಕೆ ಅಟ್ಟದ ಕೆಳಗೆ ಗಾಡಿ ನಿಲ್ಲಿಸೋ ಅಭ್ಯಾಸ ಇದ್ರೆ ಇಲಿ ವಿಷಯ ಸುಮ್ನೆ ತಳ್ಳಿಹಾಕಬೇಡಿ, ಹಿಂದಿನ ಸೀಟ್ ಎತ್ತಿ ಒಂದ್ಸಲ ಟಾರ್ಚ್ ಬಿಟ್ಟು ನೋಡಿ. ಇನ್ನೊಂದು ಜಾಗ ಡಿಕ್ಕಿ ಬಾಗಿಲಿನ ಕೀಲು, ಅಲ್ಲಿ ವೈರ್ ರಬ್ಬರ್ ಕೊಳವೆ ಒಳಗಿಂದ ಹೋಗಿರುತ್ತೆ, ದಿನಾ ತೆಗೆದು ಹಾಕಿ ತೆಗೆದು ಹಾಕಿ ಒಳಗೇ ಕಡಿಯುತ್ತೆ, ಹೊರಗಿಂದ ರಬ್ಬರ್ ಚೆನ್ನಾಗೇ ಕಾಣುತ್ತೆ. ಡಿಕ್ಕಿ ಬಾಗಿಲು ಎತ್ತಿದಾಗ ಒಂದು ತರ, ಮುಚ್ಚಿದಾಗ ಒಂದು ತರ ಆಡಿದ್ರೆ ಅಲ್ಲಿ ನೋಡಿ.

ಬದಲಾಯಿಸೋದಾದ್ರೂ ಪೂರ್ತಿ ಕೀಳಬೇಡಿ, ಹಾಳಾಗಿರೋ ತುಂಡಷ್ಟೇ. ಕಂಪನಿ ವೈರಿಂಗ್ 17-18 ವರ್ಷ ಆದ್ರೂ ಕಾರ್ಪೆಟ್ ಕೆಳಗೆ ಮುಟ್ಟದೇ ಇರೋ ಕಡೆ ಹೊಸದರ ತರ ಇರುತ್ತೆ, ಅಷ್ಟು ನೀಟಾಗಿ ನಾನೂ ಎಳೆಯಲ್ಲ ನೀವೂ ಎಳೆಯಲ್ಲ. ಒಂದ್ಸಲಕ್ಕೆ ಒಂದೇ ವೈರ್ ಕತ್ತರಿಸಿ ಸೇರಿಸಿ, ಎಲ್ಲಾ ಒಟ್ಟಿಗೆ ಕತ್ತರಿಸಿ ಆಮೇಲೆ ಯಾವುದಕ್ಕೆ ಯಾವುದು ಅಂತ ತಲೆ ಕೆರ್ಕೊಳ್ಳೋದು ಬೇಡ. ಆದಷ್ಟು ಅದೇ ಬಣ್ಣದ ವೈರ್ ಹಾಕಿ, ಮುಂದೆ ನೋಡೋನಿಗೆ ಪುಣ್ಯ. ಲೈಟಿಗೆ 0.75 ಅಥವಾ 1 ಸ್ಕ್ವೇರ್ ಎಂಎಂ ಆಟೋ ವೈರ್ ಸಾಕು, ಅರ್ತಿಗೆ ಒಂದೂವರೆ ಹಾಕಿ. ಮನೆ ವೈರಿಂಗಿನದ್ದು ಬೇಡ, ಅದು ಬಿರುಸು, ಆಟೋ ವೈರಲ್ಲಿ ಸಣ್ಣ ಸಣ್ಣ ಎಳೆ ಜಾಸ್ತಿ ಇರುತ್ತೆ, ಅದುರು ತಡ್ಕೊಳ್ಳುತ್ತೆ. ಜಾಯಿಂಟ್ ತಿರುಚಿ ಟೇಪ್ ಸುತ್ತೋದು ನಮ್ಮ ದೇಶದ ರಾಷ್ಟ್ರೀಯ ಪದ್ಧತಿ, ಮಳೆಗಾಲ ಬಂದ್ರೆ ಅಂಟು ಬಿಟ್ಟು ಟೇಪ್ ಜಾರುತ್ತೆ, ಒಳಗೆ ಕಿಲುಬು. ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿಟ್ಟು ಒತ್ತಿ ಹಿಡಿಸಿ) ಅಥವಾ ಸಾಲ್ಡರ್ ಹಾಕಿ, ಮೇಲೆ ಶಾಖಕ್ಕೆ ಕುಗ್ಗೋ ಸ್ಲೀವ್ ಹಾಕಿ, ಸ್ಲೀವನ್ನ ಸೇರಿಸೋಕೆ ಮುಂಚೆನೇ ವೈರಿಗೆ ತೂರಿಸ್ಕೊಳ್ಳಿ, ಇದನ್ನ ನಾನು ಈಗಲೂ ವಾರಕ್ಕೊಂದ್ಸಲ ಮರೀತೀನಿ. ತಗಡಿನ ತೂತಿಂದ ವೈರ್ ಹೋಗೋ ಕಡೆ ರಬ್ಬರ್ ಗ್ರೊಮೆಟ್ (ತೂತಿಗೆ ಕೂರಿಸೋ ರಬ್ಬರ್ ಬಳೆ) ಇಲ್ದೆ ಬಿಡಬೇಡಿ. ವೈರನ್ನ ಕಚ್ಚಿ ಹಿಡಿಯೋ ಪ್ಲಾಸ್ಟಿಕ್ ಕ್ಲಿಪ್ ಸಿಗುತ್ತೆ, ಕೆಲಸ ಸುಲಭ, ಆದ್ರೆ ಅದು ಎಳೆ ಕಡಿಯುತ್ತೆ, ನೀರೂ ಒಳಗೆ ಬಿಡುತ್ತೆ, ಮಲೆನಾಡಿಗಂತೂ ಬೇಡವೇ ಬೇಡ.

ಇದೇ ತೊಂದರೆ ಹೊಸ ಗಾಡಿಯಲ್ಲಿ ಇರೋರು ಯಾರಾದ್ರೂ ಇದನ್ನ ಓದಿ ಕತ್ತರಿ ತಗೊಂಡು ಹೋಗಬೇಡಿ ದಯವಿಟ್ಟು. ಈಗಿನ ಎಷ್ಟೋ ಗಾಡಿಯಲ್ಲಿ ಲೈಟನ್ನ ಬಾಡಿ ಕಂಟ್ರೋಲ್ ಮಾಡ್ಯೂಲ್ ಅನ್ನೋ ಕಂಪ್ಯೂಟರ್ ನೋಡ್ಕೊಳ್ಳುತ್ತೆ, ಬಲ್ಬ್ ಇದೆಯಾ ಇಲ್ವಾ ಅಂತ ಅದೇ ಚೆಕ್ ಮಾಡುತ್ತೆ, ಅಲ್ಲಿ ವೈರ್ ಕಡಿದು ಎಲ್‌ಇಡಿನೋ ಹಾರ್ನೋ ಸೇರಿಸಿದ್ರೆ ಮಾಡ್ಯೂಲೇ ಹೋಗಬಹುದು, ವಾರಂಟಿನೂ ಹೋಗುತ್ತೆ. ಬಲ್ಬ್ ಹಾಕಿದ ಟೆಸ್ಟ್ ಲ್ಯಾಂಪ್ ಚುಚ್ಚೋದೂ ಬೇಡ, ಮಲ್ಟಿಮೀಟರ್ ಮಾತ್ರ. ಅರ್ತ್ ಸ್ಕ್ರೂ ಕ್ಲೀನ್ ಮಾಡೋದು ಮಾತ್ರ ಯಾವ ಗಾಡಿಗಾದ್ರೂ ಒಂದೇ.

ನೀವೇ ಮಾಡ್ಕೋಬಹುದಾ ಅಂದ್ರೆ, ಬಲ್ಬ್ ನೋಡೋದು, ಆ ಮೂರು ಮೀಟರ್ ವೈರಿನ ಪರೀಕ್ಷೆ, ಅರ್ತ್ ಉಜ್ಜೋದು, ಹೋಲ್ಡರ್ ಬದಲಾಯಿಸೋದು, ಇಷ್ಟೂ ಒಂದು ಭಾನುವಾರ ಬೆಳಿಗ್ಗೆಯ ಕೆಲಸ. ಅರ್ತ್ ಸರಿ ಮಾಡಿದ ಮೇಲೂ 10ರ ಫ್ಯೂಸ್ ಹೋಗ್ತಾನೇ ಇದ್ರೆ ಆಗ ಶಾರ್ಟ್ ಹುಡುಕೋದಕ್ಕೆ ಎಲೆಕ್ಟ್ರಿಷಿಯನ್ ಹತ್ರ ಹೋಗಿ, ಆದ್ರೆ "ವೈರಿಂಗ್ ಮಾಡಿ" ಅಂತ ಹೇಳಬೇಡಿ, "ಟೇಲ್ ಲೈಟ್ ಫ್ಯೂಸ್ ಹೋಗ್ತಿದೆ, ಎಲ್ಲಿ ಶಾರ್ಟ್ ಅಂತ ತೋರಿಸಿ, ಆಮೇಲೆ ರೇಟ್ ಮಾತಾಡೋಣ" ಅನ್ನಿ. ತೋರಿಸೋಕಾಗದೇ ಇರೋರು ಪೂರ್ತಿ ಬದಲಾಯಿಸೋಣ ಅಂತಾರೆ, ಅವರಿಗೂ ಬೇರೆ ದಾರಿ ಗೊತ್ತಿಲ್ಲ ಪಾಪ.

ಹಜಾರ್ಡ್ ಹಾಕ್ಕೊಂಡು ಘಾಟಿ ಇಳಿಯೋ ಅಭ್ಯಾಸ ನಿಮಗೂ ಇದ್ರೆ ಸದ್ಯಕ್ಕೆ ಬಿಡಿ, ಈ ಅರ್ತಲ್ಲಿ ಹಜಾರ್ಡ್ ಹಾಕಿದ್ರೆ ಎಡಗಡೆ ಕೆಂಪು ಲೈಟೂ ಜೊತೆಗೆ ಕುಣಿಯುತ್ತೆ, ಆಗುಂಬೆಯ 14 ತಿರುವಲ್ಲಿ ನೀವು ಎಡಕ್ಕೋ ಬಲಕ್ಕೋ ಬ್ರೇಕೋ ಅಂತ ಹಿಂದಿನವನಿಗೆ ಒಂದೂ ತಿಳಿಯಲ್ಲ. ಅಮ್ಮನ ಮುಂದಿನ ಚೆಕಪ್ ಯಾವಾಗ ಅಂತ ಬರೆದಿಲ್ಲ, ಅಷ್ಟರೊಳಗೆ ಸರಿಯಾಗದಿದ್ರೆ ಆ ದಿನ ಬಸ್ಸಲ್ಲೇ ಹೋಗಿ ಬನ್ನಿ. ಪರೀಕ್ಷೆ ಮಾಡಿ ಮಲ್ಟಿಮೀಟರ್ ಎಷ್ಟು ತೋರಿಸ್ತು ಅಂತ ಬರೀರಿ, ಎಡಗಡೆಯದ್ದು, ಬಲಗಡೆಯದ್ದು ಎರಡೂ.